ಆಟವೂ ನಂಬಿಕೆಯೂ

ಸಂಜೆಯಾಯಿತೆಂದರೆ ನಮ್ಮ ನಾಗಪುರದ ಮಕ್ಕಳು ಶಾಲೆಯ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವುದನ್ನು ನಾವೆಲ್ಲ ಕಂಡಿದ್ದೇವೆ. ಸೋತವರ ಮುಖ ಆ ಹೊತ್ತಿಗೆ ಬಾಡಿದರೂ ಮರುದಿನ ಅವರು ಮತ್ತೆ ಬರುತ್ತಾರೆ. ಸೋತದ್ದು ನ್ಯಾಯವಾಗಿ ಎಂಬ ನಂಬಿಕೆಯೇ ಅವರನ್ನು ಮತ್ತೆ ಕರೆತರುವುದು. ಆ ನಂಬಿಕೆಗೆ ದುಡ್ಡಿನ ಹುಳು ಹತ್ತಿದರೆ ಆಟದ ಗತಿಯೇನು?

ಇದೇ ಆಟವನ್ನು ವೃತ್ತಿಯಾಗಿ ಆಡುವ ಅಮೆರಿಕದ ಎನ್‌ಬಿಎ ಕೂಟದಲ್ಲಿ ಆ ಹುಳು ಹತ್ತಿದ್ದುಂಟು. ಟಿಮ್ ಡೊನಘಿ ಎಂಬ ರೆಫರಿ ತಾನು ಸೀಟಿ ಊದುತ್ತಿದ್ದ ಪಂದ್ಯಗಳ ಮೇಲೂ ಬಾಜಿ ಕಟ್ಟಿದ್ದನು. 2007ರಲ್ಲಿ ತಪ್ಪೊಪ್ಪಿಕೊಂಡು, ಮರುವರ್ಷ 15 ತಿಂಗಳ ಸೆರೆಮನೆ ವಾಸಕ್ಕೆ ಗುರಿಯಾದನು. 2024ರ ಮಾರ್ಚ್‌ನಲ್ಲಿ ಟೊರಾಂಟೊ ತಂಡದ ಜಾಂಟೇ ಪೋರ್ಟರ್ ಮೂರೇ ನಿಮಿಷ ಆಡಿ, ಮೈಯಲ್ಲಿ ಸರಿಯಿಲ್ಲವೆಂದು ಹೊರನಡೆದನು. ಅವನ ಗಳಿಕೆ ಕಡಿಮೆಯಾಗುವುದೆಂದು 80,000 ಡಾಲರ್ ಬಾಜಿ ಮೊದಲೇ ಬಿದ್ದಿತ್ತು! ಏಪ್ರಿಲ್‌ನಲ್ಲಿ ಕೂಟವು ಅವನನ್ನು ಜನ್ಮಪರ್ಯಂತ ಹೊರಗಿಟ್ಟಿತು.

ಇದೆಲ್ಲ ದೂರದೇಶದ ಮಾತೆಂದು ನಾವು ನೆಮ್ಮದಿಯಾಗಿ ಕೂರುವಂತಿಲ್ಲ. ಆಟ ಬೇರೆಯಾದರೂ ಇಂಥದೇ ರೋಗ ನಮ್ಮೂರಿನ ಸಿವಿಲ್ ಲೈನ್ಸ್ ಮೈದಾನಕ್ಕೂ ಬಂದಿತ್ತು. 2000ದ ಮಾರ್ಚ್ 19ರಂದು ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ ಅಲ್ಲಿ ಒಂದು ದಿನದ ಕ್ರಿಕೆಟ್ ಪಂದ್ಯ. ಪ್ರವಾಸಿ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ, 20 ರನ್ನುಗಳೊಳಗೆ ಔಟಾದರೆ 15,000 ಡಾಲರ್ ಸಿಗುವುದೆಂದು ಹರ್ಷಲ್ ಗಿಬ್ಸನಿಗೆ ಆಸೆ ತೋರಿಸಿದನು. ಹತ್ತು ಓವರುಗಳಲ್ಲಿ 50ಕ್ಕಿಂತ ಹೆಚ್ಚು ರನ್ ಕೊಡಬೇಕೆಂದು ಬೌಲರ್ ಹೆನ್ರಿ ವಿಲಿಯಮ್ಸನಿಗೂ ಹೇಳಿದನು. ಇಬ್ಬರೂ ಒಪ್ಪಿದರು.

ಆದದ್ದೇ ಬೇರೆ. ಗಿಬ್ಸ್ 74 ರನ್ ಹೊಡೆದನು. ವಿಲಿಯಮ್ಸ್ 11 ಚೆಂಡು ಎಸೆಯುವಷ್ಟರಲ್ಲಿ ಭುಜ ನೋವಾಗಿ ಹೊರಬಂದನು. ಒಪ್ಪಂದ ನಡೆಯಲಿಲ್ಲ, ದುಡ್ಡೂ ಕೈಸೇರಲಿಲ್ಲ. ಆದರೂ ಇಬ್ಬರಿಗೂ ಆರು ತಿಂಗಳ ನಿಷೇಧ, ಕ್ರೋನಿಯೆಗೆ ಆಜೀವ ನಿಷೇಧ ಬಂದಿತು. ಅಂದು ಮೈದಾನದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದೊಂದೂ ಗೊತ್ತಿರಲಿಲ್ಲ.

74 ರನ್ ಹೊಡೆದವನಿಗೆ ಶಿಕ್ಷೆಯೇಕೆ ಎಂದು ಕೆಲವರು ಕೇಳಬಹುದು. ತಪ್ಪು ನಡೆದದ್ದು ಬ್ಯಾಟಿನಲ್ಲಲ್ಲ, ‘ಆಗಲಿ’ ಎಂದ ನಾಲಗೆಯಲ್ಲಿ. ಪಂದ್ಯವನ್ನೇ ಸೋಲಬೇಕಾಗಿಲ್ಲ, ಒಬ್ಬನ ಗಳಿಕೆ, ಒಬ್ಬನ ಓವರು, ಒಂದು ಸೀಟಿ ಮಾರಾಟವಾದರೆ ಸಾಕು. ಇಷ್ಟು ಸಣ್ಣ ಮೋಸ ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದಲೇ ಮೊದಲ ಕಾವಲುಗಾರ ಆಟಗಾರನೇ. ಆಮಿಷ ಬಂದೊಡನೆ ‘ಒಲ್ಲೆ’ ಎಂದರೆ ಅರ್ಧ ಕೆಲಸವಾಯಿತು. ಹಿರಿಯರಿಗೆ ತಿಳಿಸಿದರೆ ಪೂರ್ತಿ.

ಕಾನೂನು ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬಿ ಕೂರುವುದೂ ಸರಿಯಲ್ಲ. ಕರ್ನಾಟಕ ಪ್ರೀಮಿಯರ್ ಲೀಗಿನ 2019ರ ಪ್ರಕರಣದಲ್ಲಿ ನಮ್ಮ ಕನ್ನಡನಾಡಿನ ಹೈಕೋರ್ಟು 2022ರ ಜನವರಿಯಲ್ಲಿ, ಪಂದ್ಯ ನಿಗದಿ ಮಾಡುವುದು ಅಪ್ರಾಮಾಣಿಕತೆಯನ್ನು ತೋರಿಸಬಹುದಾದರೂ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದಿತು.

ಹಾಗಾದರೆ ಪಾಠ ಮನೆಯಲ್ಲೇ ಮೊದಲಾಗಬೇಕು. ಚೌಕಾಬಾರದ ಕವಡೆ ಎಣಿಸುವಾಗ, ಚೆಂಡು ಗೆರೆ ದಾಟಿದಾಗ ‘ನನ್ನ ಕೈಯೇ ತಗಲಿತು’ ಎಂದು ತಾನಾಗಿ ಹೇಳುವ ಮಗುವಿಗೆ ನಾವು ಶಹಬಾಸ್ ಎನ್ನೋಣ. ಗೆದ್ದು ಬಂದ ಮಗುವಿಗಿಂತ ಅದಕ್ಕೆ ಒಂದು ಲಾಡು ಹೆಚ್ಚಾಗಿಯೇ ಸಲ್ಲಲಿ.