ಹೆಸರು ಮುಚ್ಚಿಟ್ಟ ಬಟ್ಟಲು

ಕುಮಟೆಯ ಪೇಟೆಯಲ್ಲಿ ಜೋನಿಬೆಲ್ಲ ಕೊಳ್ಳಲು ಹೋದಾಗ ಬೆಲೆಯ ಮಾತು ಮೊದಲು ಬರುವುದಿಲ್ಲ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದು, ಚಮಚೆಯ ತುದಿಯಿಂದ ಒಂದು ತೊಟ್ಟನ್ನು ಗಿರಾಕಿಯ ಅಂಗೈಯ ಮೇಲೆ ಬಿಡುತ್ತಾನೆ. ಗಿರಾಕಿ ಬಣ್ಣವನ್ನು ನೋಡಿ, ಮೂಸಿ, ಆಮೇಲೆ ನಾಲಗೆಗೆ ಮುಟ್ಟಿಸಿ ಒಂದು ಗಳಿಗೆ ಸುಮ್ಮನಾಗುತ್ತಾನೆ. ಪಾಕ ಏರಿತ್ತೆ, ತಳ ಹಿಡಿದಿತ್ತೆ, ಕಬ್ಬು ಎಂಥ ನೆಲದ್ದು ಎಂಬುದೆಲ್ಲ ಆ ಒಂದು ತೊಟ್ಟಿನಲ್ಲಿಯೇ ಬಯಲಾಗುತ್ತದೆ. ಹೊನ್ನಾವರ, ಭಟ್ಕಳಗಳ ಒಳಹಳ್ಳಿಗಳ ಆಲೆಮನೆಗೆ ಹೋದರಂತೂ ಕೊಪ್ಪರಿಗೆ ಇಳಿಸಿದವನೇ ಎದುರಿಗೆ ನಿಂತು, “ಹ್ಯಾಂಗಿದ್ದು ಹೇಳಿ?” ಎಂದು ಕೇಳುತ್ತಾನೆ. ಮಾಡಿದವನ ಮುಖ ನೋಡುತ್ತ ರುಚಿ ಹೇಳುವುದು ಸುಲಭವಲ್ಲ. ಹೇಳಿಸಿಕೊಳ್ಳುವುದು ಇನ್ನೂ ಕಷ್ಟ.

ಇದೇ ಪದ್ಧತಿಯನ್ನು ಅಮೆರಿಕದವರು ತಮ್ಮ ಬರ್ಬನ್ ವಿಸ್ಕಿಯ ವಿಷಯದಲ್ಲಿ ಇಟ್ಟುಕೊಂಡಿದ್ದಾರೆ. ಬೀದಿಯ ಮೂಲೆಯ ಮದ್ಯದಂಗಡಿಯವನು ಒಂದು ಸಂಜೆ ಭಟ್ಟಿ ಇಳಿಸುವವನನ್ನೇ ಕರೆಸುತ್ತಾನೆ. ನೆರೆಹೊರೆಯ ಗಿರಾಕಿಗಳು ಮೇಜಿನ ಸುತ್ತ ಕೂಡುತ್ತಾರೆ. ಬಂದವನು ತನ್ನ ಧಾನ್ಯ, ತನ್ನ ನೀರು, ತನ್ನ ಪೀಪಾಯಿಗಳ ಕತೆ ಹೇಳುತ್ತ ಒಂದೊಂದೇ ಬಟ್ಟಲನ್ನು ಮುಂದಿಡುತ್ತಾನೆ. ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ವಾಚಕರು ಹುಬ್ಬು ಗಂಟಿಕ್ಕಬಾರದು. ಇದು ಕುಡಿತದ ಕತೆಯಲ್ಲ. ಇಂಥದೊಂದು ಮೇಜಿನ ಮುಂದೆ ನಮ್ಮ ಕನ್ನಡನಾಡಿನ ಒಂದು ಸರಕು ಹೆಸರು ಮುಚ್ಚಿಕೊಂಡು ನಿಂತು, ಪರೀಕ್ಷೆಗೆ ಒಳಗಾದ ಕತೆ.

ಒಂದೇ ಬಾರಿ ಬಳಸುವ ಪೀಪಾಯಿ

ಬರ್ಬನ್ ಎಂದು ಕರೆಸಿಕೊಳ್ಳಲು ಅಮೆರಿಕದ ಕಾನೂನು ಕಟ್ಟುನಿಟ್ಟಾದ ನಿಯಮಗಳನ್ನು ಇಟ್ಟಿದೆ. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕು. ಭಟ್ಟಿ ಇಳಿದ ದ್ರವವನ್ನು ಒಳಮೈ ಸುಟ್ಟು ಕರಿ ಮಾಡಿದ ಹೊಚ್ಚಹೊಸ ಓಕ್ ಮರದ ಪಾತ್ರೆಯಲ್ಲಿಯೇ ಇಡಬೇಕು. ಬಣ್ಣವನ್ನಾಗಲಿ ಬೇರೆ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. 1964ರಲ್ಲಿ ಅಲ್ಲಿಯ ಕಾಂಗ್ರೆಸ್ ಸಭೆ ಇದು ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು. ಬೇರೆ ದೇಶದಲ್ಲಿ ಮಾಡಿದ್ದು ಬರ್ಬನ್ ಆಗಲಾರದು.

ಪೀಪಾಯಿ ಹೊಸದೇ ಆಗಿರಬೇಕೆಂಬ ನಿಯಮದಿಂದ ಒಂದು ವಿಚಿತ್ರ ಸಂಭವಿಸಿತು. ಒಂದು ಬಾರಿ ಬಳಸಿದ ಪೀಪಾಯಿ ಬರ್ಬನ್ನಿಗೆ ಮತ್ತೆ ಒದಗುವುದಿಲ್ಲ. ಆದರೆ ಅದರ ಮರದಲ್ಲಿ ಸತ್ತ್ವ ಇನ್ನೂ ಉಳಿದಿರುತ್ತದೆ. ಹೀಗಾಗಿ ಸುಮಾರು 200 ಲೀಟರ್ ಹಿಡಿಯುವ ಆ ಹಳೆಯ ಪೀಪಾಯಿಗಳು ಹಡಗೇರಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸಾಗಿದರೆ ಸಿಗುವ ಕಂಬೀಪುರಕ್ಕೂ ಬರುತ್ತವೆ. ಅಮೆರಿಕದ ಜೋಳದ ವಾಸನೆ ಹಿಡಿದ ಮರದೊಳಗೆ ನಮ್ಮ ಉತ್ತರ ಭಾರತದ ಬಾರ್ಲಿಯ ರಸ ಮಲಗುವುದು ಅಲ್ಲಿ.

ಕಂಬೀಪುರದ ಭಟ್ಟಿ

ಅಲ್ಲಿರುವ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಸ್ಥಾಪಿಸಿದರು. ಸೈನಿಕರ ಕ್ಯಾಂಟೀನುಗಳಿಗೆ ರಮ್ ಒದಗಿಸಿ ಅದು ಬೆಳೆಯಿತು. 1976ರಲ್ಲಿ ತಂದೆ ತೀರಿಕೊಂಡ ಬಳಿಕ ಮಗ ನೀಲಕಂಠ ಜಗದಾಳೆಯವರು ಆಡಳಿತವನ್ನು ವಹಿಸಿಕೊಂಡರು. ಬಾರ್ಲಿಯ ಮೊಳಕೆಯೊಂದರಿಂದಲೇ ಮಾಡಿದ ವಿಸ್ಕಿಯನ್ನು ಲೋಕದ ಮುಂದಿಡುವ ಸಾಹಸ ನಡೆದದ್ದು ಅವರ ಕಾಲದಲ್ಲಿ.

ಸಾಹಸವೆನ್ನುವುದಕ್ಕೆ ಕಾರಣವುಂಟು. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರಲ್ಲಿ ಬಹುಪಾಲು ಕಾಕಂಬಿಯಿಂದ, ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ, ಇಳಿಸಿದ ಮದ್ಯಸಾರವನ್ನು ಸೇರಿಸಿದ್ದು. ಧಾನ್ಯದಿಂದ ಮಾಡದ್ದನ್ನು ಯುರೋಪಿನ ಕಾನೂನು ವಿಸ್ಕಿಯೆಂದು ಒಪ್ಪುವುದಿಲ್ಲ. ಕಬ್ಬಿನಿಂದ ಬಂದದ್ದು ಅವರ ಲೆಕ್ಕದಲ್ಲಿ ರಮ್ಮಿನ ಜಾತಿ. ಹೀಗಿರುವಾಗ ಭಾರತದ ವಿಸ್ಕಿ ಎಂಬ ಮಾತು ಕೇಳಿದರೆ ಸ್ಕಾಟ್ಲೆಂಡಿನವನು ನಗದೆ ಇದ್ದಾನೆಯೆ? ಆ ನಗುವಿಗೆ ಹೆದರಿದವರು ಸಣ್ಣಗೆ ಶುರುಮಾಡಿ ಮನೆಯ ಹತ್ತಿರದಲ್ಲಿಯೇ ಮಾರುತ್ತಿದ್ದರು. ಇವರು ಪರೀಕ್ಷೆಯನ್ನು ಸ್ಕಾಟ್ಲೆಂಡಿನಲ್ಲಿಯೇ ಬರೆಯುವುದೆಂದು ನಿಶ್ಚಯಿಸಿದರು.

ನೀಲಕಂಠರ ಮಗ ರಕ್ಷಿತ್ ಜಗದಾಳೆಯವರು ಆಗ ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ವ್ಯಾಪಾರಶಾಸ್ತ್ರದ ವಿದ್ಯಾರ್ಥಿ. ಭಾರತದ ವಿಸ್ಕಿಗೆ ಬ್ರಿಟನ್ನಿನಲ್ಲಿ ಮಾರುಕಟ್ಟೆಯುಂಟೆ ಎಂಬುದನ್ನೇ ಅವರು ಅಧ್ಯಯನದ ವಿಷಯ ಮಾಡಿಕೊಂಡರು. ಗ್ಲಾಸ್ಗೋ ನಗರದ ‘ಪಾಟ್ ಸ್ಟಿಲ್’ ಎಂಬ ಹಳೆಯ ಪಾನಗೃಹದಲ್ಲಿ, ಯಾವ ಊರಿನದೆಂದು ತಿಳಿಸದೆ, ಅದನ್ನು ಬಟ್ಟಲಿಗೆ ಹಾಕಿ ಅಲ್ಲಿಯ ಬಲ್ಲವರ ಮುಂದಿಡಲಾಯಿತು. ವಿಸ್ಕಿಯ ನಡುವೆಯೇ ಬೆಳೆದ ಜನ ಅವರು. ಕುಡಿದು ನೋಡಿದವರು ಅದನ್ನು ತಮ್ಮ ದೇಶದ್ದೇ, ಸ್ಪೇಸೈಡ್ ಕಣಿವೆಯ ವಿಸ್ಕಿಯೇ ಎಂದು ಭಾವಿಸಿದರು. ಬೆಂಗಳೂರಿನದೆಂದು ಮೊದಲೇ ಹೇಳಿದ್ದರೆ ಅದೇ ನಾಲಗೆಗಳು ಅದೇ ಮಾತನ್ನು ಆಡುತ್ತಿದ್ದವೆ? ಆಡುತ್ತಿರಲಿಲ್ಲವೆಂಬುದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ.

2004ರ ಆಗಸ್ಟ್ 24ರಂದು ಗ್ಲಾಸ್ಗೋದ ‘ಕೆಫೆ ಇಂಡಿಯಾ’ದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಹಿರಂಗವಾಗಿ ಹೊರಬಂತು. ಈಗ ಸೀಸೆಯ ಮೇಲೆ ಹೆಸರಿತ್ತು. ಮಾರಾಟ ಮಾತ್ರ ಕುಂಟುತ್ತ ಸಾಗಿತು. ಭಾರತೀಯ ಊಟದ ಮನೆಗಳಲ್ಲಿ ಇದಕ್ಕೆ ಜಾಗ ಸಿಕ್ಕೀತೆಂಬ ಎಣಿಕೆಯೂ ಹೆಚ್ಚು ಫಲ ಕೊಡಲಿಲ್ಲ. ಬ್ರಿಟನ್ನಿನಲ್ಲಿ ಸಂಸ್ಥೆಯ ಕೆಲಸ ನೋಡುತ್ತಿದ್ದ ಅಶೋಕ್ ಚೊಕ್ಕಲಿಂಗಂ ಅವರು ಸೀಸೆಗಳನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ, ವಿಸ್ಕಿ ಮೇಳದಿಂದ ಮೇಳಕ್ಕೆ ಅಲೆದು, ಬಾಗಿಲಲ್ಲಿ ನಿಂತವರಿಗೆಲ್ಲ ರುಚಿ ತೋರಿಸಿದರು. ಹಾಗೆ ಬಟ್ಟಲು ಹಿಡಿದು ನಿಂತವರೇ ಮುಂದೆ ಆ ಸಂಸ್ಥೆಯ ಮುಖ್ಯ ಭಟ್ಟಿಕಾರರಾದರು.

ಬಿಸಿಲು ಕೊಡುವುದು, ಬಿಸಿಲು ಕೊಳ್ಳುವುದು

ಚಳಿನಾಡಿನಲ್ಲಿ ಹನ್ನೆರಡು ವರ್ಷ ಬೇಕಾಗುವ ಮಾಗುವಿಕೆ ನಮ್ಮಲ್ಲಿ ನಾಲ್ಕೈದು ವರ್ಷಕ್ಕೆ ಆಗುವುದೆಂತು? ಉತ್ತರ ಬಿಸಿಲಿನಲ್ಲಿದೆ. ಸೆಕೆಗೆ ದ್ರವ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಂಪಿಗೆ ಕುಗ್ಗಿ ಮರದ ಬಣ್ಣವನ್ನೂ ಪರಿಮಳವನ್ನೂ ಹೊತ್ತು ಮರಳುತ್ತದೆ. ಆದರೆ ಬಿಸಿಲು ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ಸ್ಕಾಟ್ಲೆಂಡಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ನೂರಕ್ಕೆ ಸುಮಾರು 2. ಬೆಂಗಳೂರಿನಲ್ಲಿ 10ರಿಂದ 12.

ಮನೆಯ ಲೆಕ್ಕದಲ್ಲಿ ಹೇಳುವುದಾದರೆ, 200 ಲೀಟರಿನ ಪೀಪಾಯಿಯಲ್ಲಿ ಸ್ಕಾಟ್ಲೆಂಡಿನವನಿಗೆ 12 ವರ್ಷಗಳ ಬಳಿಕವೂ ಸುಮಾರು 157 ಲೀಟರ್ ಉಳಿಯುತ್ತದೆ. ವರ್ಷಕ್ಕೆ ನೂರಕ್ಕೆ ಹತ್ತೇ ಎಂದು ಹಿಡಿದರೂ ಬೆಂಗಳೂರಿನವನಿಗೆ 4 ವರ್ಷಕ್ಕೆ ಸುಮಾರು 131 ಲೀಟರ್ ಮಾತ್ರ. ಬಹುಕಾಲ ಮಾಗಿಸಿದ ತಮ್ಮ ಒಂದು ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’, ಅಂದರೆ ಹೊಟ್ಟೆಬಾಕ ದೇವದೂತರು, ಎಂದು ಹೆಸರಿಟ್ಟು ಅವರು ಈ ನಷ್ಟವನ್ನು ನಗೆಯಲ್ಲಿಯೇ ನುಂಗಿಕೊಂಡರು.

ಕೊನೆಗೆ ಫಲ ಬಂತು. ಸ್ಕಾಟ್ಲೆಂಡಿನ ಹೊಗೆವಾಸನೆಯ ಬಾರ್ಲಿಯನ್ನೂ ನಮ್ಮ ನಾಡಿನ ಬಾರ್ಲಿಯನ್ನೂ ಕೂಡಿಸಿ ಮಾಡಿದ ‘ಅಮೃತ್ ಫ್ಯೂಷನ್’ 2009ರಲ್ಲಿ ಹೊರಬಂತು. ಇಂಗ್ಲೆಂಡಿನ ಪ್ರಸಿದ್ಧ ವಿಮರ್ಶಕ ಜಿಮ್ ಮರ್ರಿಯವರು ತಮ್ಮ 2010ರ ವಾರ್ಷಿಕ ಗ್ರಂಥದಲ್ಲಿ ಅದಕ್ಕೆ ಲೋಕದ ವಿಸ್ಕಿಗಳಲ್ಲಿ ಮೂರನೆಯ ಸ್ಥಾನ ಕೊಟ್ಟರು. ಹುಟ್ಟಿದೂರಾದ ಬೆಂಗಳೂರಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮಾರಾಟಕ್ಕೆ ಬಂದದ್ದೂ 2010ರಲ್ಲಿಯೇ. ಹೊರಗಿನವರು ಭೇಷ್ ಎಂದ ಮೇಲೆಯೇ ಒಳಗಿನವರಿಗೆ ಕಣ್ಣು ತೆರೆಯುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ನೀಲಕಂಠ ಜಗದಾಳೆಯವರು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಅಷ್ಟರಲ್ಲಿ ಭಾರತದ ವಿಸ್ಕಿ ಎಂದರೆ ನಗುವ ಕಾಲ ಕಳೆದಿತ್ತು.

ನಮ್ಮ ಕರಾವಳಿಯ ಮಾತು

ಇಂಥ ಕೂಟ ಕುಮಟೆಯ ಮದ್ಯದಂಗಡಿಯಲ್ಲಿ ನಡೆದೀತೆ? ನಡೆಯಲಾರದು. ಸೀಸೆ ಮಾರುವ ಚಿಲ್ಲರೆ ಅಂಗಡಿಯಲ್ಲಿ ಅಲ್ಲಿಯೇ ಕುಡಿಯಲು ನಮ್ಮ ರಾಜ್ಯದ ಅಬಕಾರಿ ನಿಯಮ ಅವಕಾಶ ಕೊಡುವುದಿಲ್ಲ. ಈ ಮೂರು ತಾಲೂಕುಗಳೂ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆಗೆ ಒಳಪಟ್ಟಿದ್ದವು. ಆ ಕಾಯಿದೆಯ ಹಿಂದೆ ಬರಿದಾದ ಅಡಿಗೆಮನೆಗಳ ನೋವಿತ್ತು. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತುಹೋದದ್ದರ ಹಿಂದೆಯೂ ಅದೇ ನೋವಿತ್ತು. ಎಷ್ಟು ಬೆಲೆಯ ಸೀಸೆಯಾದರೂ ಒಳಗಿರುವುದು ಮದ್ಯವೇ. ಪದಕ ಬಂದ ಮಾತ್ರಕ್ಕೆ ಯಕೃತ್ತು ಅದನ್ನು ಬೇರೆಯಾಗಿ ಕಾಣುವುದಿಲ್ಲ. ಕುಡಿಯದವರು ಕುಡಿಯಬೇಕೆಂದು ಈ ಕತೆ ಹೇಳುತ್ತಿಲ್ಲ.

ಹೇಳುವುದು ಇಷ್ಟೆ: ರುಚಿ ನೋಡುವವರ ಮೇಜಿನ ಮೇಲೆ ಪಳಗಿದ ಕೈ ಬಟ್ಟಲನ್ನು ಕಾಲು ಭಾಗವೂ ತುಂಬುವುದಿಲ್ಲ. ಬಣ್ಣ ನೋಡಿ, ಮೂಸಿ, ಎರಡು ಹನಿ ನೀರು ಬೆರೆಸಿ, ನಾಲಗೆಯ ಮೇಲೆ ಹೊರಳಿಸಿ, ಎಷ್ಟೋ ಮಂದಿ ಬಲ್ಲವರು ಅದನ್ನು ಉಗುಳಿಯೂ ಬಿಡುತ್ತಾರೆ. ಅವರು ಬಂದಿರುವುದು ಮತ್ತಿಗಲ್ಲ, ಮಾಡಿದವನ ಕೈಗೆಲಸವನ್ನು ಗುರುತಿಸಲಿಕ್ಕೆ. ಅಂಥ ಗಮನಕ್ಕೆ ನಮ್ಮ ಮನೆಯ ಪದಾರ್ಥಗಳೂ ಅರ್ಹವಲ್ಲವೆ? ಊರ ಜೋನಿಬೆಲ್ಲ, ಗಾಣದ ಕೊಬ್ಬರಿ ಎಣ್ಣೆ, ಅಜ್ಜಿಯ ಭರಣಿಯ ಅಪ್ಪೆಮಿಡಿ ಇವನ್ನು ಪೇಟೆಯ ಚಂದದ ಡಬ್ಬಗಳ ಸಾಲಿನಲ್ಲಿ, ಹೆಸರು ಮುಚ್ಚಿ, ಒಮ್ಮೆ ಮನೆಮಂದಿಯ ಮುಂದಿಟ್ಟು ನೋಡಬಹುದು. ಮಕ್ಕಳಿಗೂ ಅದು ಸೊಗಸಾದ ಆಟ.

ಮಾಘ ಮಾಸದಲ್ಲಿ ಆಲೆಮನೆಯ ಒಲೆ ಹೊತ್ತಿದಾಗ ಹೊನ್ನಾವರದ ಕಡೆ ಹೋಗುವವರು ಹೇಗೂ ಅಂಗೈ ಚಾಚುತ್ತಾರೆ. ಕೊಪ್ಪರಿಗೆಯ ಮುಂದೆ ನಿಂತವನು “ಹ್ಯಾಂಗಿದ್ದು ಹೇಳಿ?” ಎಂದಾಗ, “ಚೆನ್ನಾಗಿದೆ” ಎಂಬ ಬಾಯುಪಚಾರದ ಮಾತಿಗೆ ಬದಲು, ನಿಜವಾಗಿ ರುಚಿ ನೋಡಿ ಉತ್ತರ ಕೊಡಲಿ. ಅವನು ಕಾಯುತ್ತಿರುವುದು ಅದಕ್ಕಾಗಿ.