ಅಡಿಗೆ ಮನೆಗೆ ಪ್ಲೈವುಡ್: ಎಲ್ಲಿ ಬೇಕು, ಎಲ್ಲಿ ಬೇಡ

ಕಾಫಿಗೆ, ಅಡಿಕೆಗೆ ನಾಲ್ಕು ಕಾಸು ಬೆಲೆ ಬಂದ ವರ್ಷ ನಮ್ಮ ಸದಸ್ಯರು ಮೊದಲು ಮನೆಯ ಹಂಚು ನೋಡುತ್ತಾರೆ, ಆಮೇಲೆ ಅಡಿಗೆ ಮನೆ ನೋಡುತ್ತಾರೆ. ಗೃಹಿಣಿಯರ ಈ ಬೇಡಿಕೆ ನ್ಯಾಯವಾದುದೇ. ಹೊಗೆ ತುಂಬಿದ ಕೋಣೆ, ಕೈಗೆಟುಕದ ನಾಗಂದಿಗೆ, ಬೂಷ್ಟು ಹಿಡಿಯುವ ಮರದ ಗೂಡು ಇವುಗಳ ನಡುವೆ ಅವರು ಬಹುಕಾಲ ದುಡಿದಿದ್ದಾರೆ. ಪೇಟೆಯ ಮನೆಗಳಲ್ಲಿ ಕಂಡ ಪ್ಲೈವುಡ್ಡಿನ ಕಪಾಟುಗಳು ನಮ್ಮಲ್ಲಿಯೂ ಇರಲಿ ಎಂದು ಅವರು ಬಯಸಿದರೆ ತಪ್ಪೇನೂ ಇಲ್ಲ. ಆದರೆ ಪೇಟೆಯ ನಕ್ಷೆಯನ್ನು ಹಾಗೆಯೇ ತಂದು ಮಲೆನಾಡಿನ ಮಳೆಯಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಸುತ್ತಿನ ಹಲವು ಮನೆಗಳಲ್ಲಿ ನೋಡಿದ್ದೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿ ಪದರ ಬಿಡುತ್ತದೆ, ಮೂರನೆಯ ವರ್ಷ ಗೆದ್ದಲು ಹತ್ತುತ್ತದೆ. ಒಂದು ವರ್ಷದ ಬೆಳೆಯ ಉಳಿತಾಯ ಹೀಗೆ ನೀರು ಪಾಲಾಗಬಾರದೆಂಬ ಉದ್ದೇಶದಿಂದ ಈ ಲೇಖನವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಪ್ಲೈವುಡ್ ಎಂದರೇನು?

ಮರದ ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತ, ಉದ್ದನೆಯ ಅಲಗಿನಿಂದ ಹಾಳೆಯಂತೆ ಸುಲಿಯುತ್ತಾರೆ. ಈ ತೆಳು ಹಾಳೆಗಳನ್ನು ಒಣಗಿಸಿ, ಅಂಟು ಬಳಿದು, ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಜೋಡಿಸಿ, ಶಾಖ ಕೊಟ್ಟು ಒತ್ತುತ್ತಾರೆ. ಮರವು ಎಳೆಗೆ ಅಡ್ಡಲಾಗಿ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಅಡ್ಡ ಪದರಗಳು ಒಂದನ್ನೊಂದು ಹಿಡಿದಿಡುವುದರಿಂದ ಪ್ಲೈವುಡ್ ಗಟ್ಟಿ ಮರದಷ್ಟು ಸೊಟ್ಟಗಾಗುವುದಿಲ್ಲ, ಸೀಳುವುದಿಲ್ಲ. ಎರಡೂ ಮುಖಗಳ ಎಳೆ ಒಂದೇ ದಿಕ್ಕಿಗೆ ಬರಬೇಕಾದ್ದರಿಂದ ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುತ್ತದೆ.

ಈ ಸರಕಿಗೂ ನಮ್ಮ ತೋಟಗಳಿಗೂ ನೇರವಾದ ಸಂಬಂಧವಿದೆ. ಹಿಂದೆ ಪ್ಲೈವುಡ್ಡಿಗೆ ಅರಣ್ಯದ ದಿಮ್ಮಿಯೇ ಮುಖ್ಯ ಆಧಾರವಾಗಿತ್ತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದ ನಂತರ ಕಾಡಿನ ಮರ ಕಡಿತಕ್ಕೆ ಬಿಗಿಯಾದ ಕಡಿವಾಣ ಬಿತ್ತು. ಕಾರ್ಖಾನೆಗಳು ನೆಟ್ಟು ಬೆಳೆಸಿದ ಮರಗಳತ್ತ ತಿರುಗಿದವು. ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ ಮುಖ್ಯವಾದವು. ನಾವು ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸಿದ ಸಿಲ್ವರ್ ಓಕ್ ಕೂಡ ಇದೇ ದಾರಿ ಹಿಡಿದಿದೆ. ಎಂದರೆ ನಮ್ಮ ಬೇಲಿ ದಾಟಿ ಹೋದ ಮರವೇ ಹಾಳೆಯಾಗಿ ನಮ್ಮ ಅಡಿಗೆ ಮನೆಗೆ ಮರಳಬಹುದು. ಬೇಗ ಬೆಳೆಯುವ ಇಂಥ ಮರಗಳಲ್ಲಿ ಚೇಗು ಕಡಿಮೆ, ಬಿಳಿಮರ ಹೆಚ್ಚು. ಬಿಳಿಮರದ ಪಿಷ್ಟ ಕೊರೆಹುಳಕ್ಕೆ ಆಹಾರ. ಆದ್ದರಿಂದ ಔಷಧೋಪಚಾರ ಮಾಡಿದ ಹಲಗೆಯನ್ನೇ ಕೊಳ್ಳಬೇಕು.

ಬಾಳಿಕೆ ಅಂಟಿನಲ್ಲಿದೆ

ಹೊರಮುಖದ ಚೆಂದ ನೋಡಿ ಪ್ಲೈವುಡ್ ಕೊಳ್ಳುವುದು ಬಣ್ಣ ನೋಡಿ ಹಸು ಕೊಂಡಂತೆ. ನೋಡಬೇಕಾದುದು ಒಳಗಿನ ಅಂಟನ್ನು. ಅಂಗಡಿಗಳಲ್ಲಿ ಮೂರು ದರ್ಜೆಗಳ ಹೆಸರು ಕೇಳಿಬರುತ್ತದೆ.

ಮೊದಲನೆಯದು ಎಂ.ಆರ್. ದರ್ಜೆ. ಇದನ್ನೇ ‘ಕಮರ್ಷಿಯಲ್’ ಎಂದು ಮಾರುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಗಾಳಿಯ ತೇವವನ್ನು ಒಂದಿಷ್ಟು ತಡೆದೀತು, ನೀರನ್ನು ತಡೆಯದು. ಎರಡನೆಯದು ಬಿ.ಡಬ್ಲ್ಯು.ಆರ್. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನ ಈ ಹಲಗೆ 8 ಗಂಟೆ ಕುದಿಯುವ ನೀರಿನ ಪರೀಕ್ಷೆಗೆ ನಿಲ್ಲಬೇಕು. ಮೂರನೆಯದು ಐ.ಎಸ್. 710 ಎಂಬ ಮಾನಕದ ಮೆರೈನ್ ಪ್ಲೈವುಡ್. ಇದರ ಪರೀಕ್ಷೆ 72 ಗಂಟೆ ಕುದಿಯುವ ನೀರಿನಲ್ಲಿ. ಮಲೆನಾಡಿನ ಅಡಿಗೆ ಮನೆಗೆ ಮೊದಲನೆಯದು ಬೇಡವೇ ಬೇಡ. ಆಗುಂಬೆಯ ಸುತ್ತ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಗೋಡೆಯೇ ಬೆವರುವಾಗ ಕಮರ್ಷಿಯಲ್ ಹಲಗೆ ಎಷ್ಟು ದಿನ ತಡೆದೀತು?

ಕೊಳ್ಳುವಾಗ ಹಲಗೆಯ ಮೇಲೆ ಐ.ಎಸ್.ಐ. ಗುರುತು, ಮಾನಕದ ಸಂಖ್ಯೆ, ದರ್ಜೆ ಮತ್ತು ತಯಾರಕರ ಲೈಸೆನ್ಸ್ ಸಂಖ್ಯೆ ಇವೆಯೇ ಎಂದು ನೋಡಬೇಕು. ಆ ಲೈಸೆನ್ಸ್ ಸಂಖ್ಯೆ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪಿನಲ್ಲಿ ಪರೀಕ್ಷಿಸಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಒಳ್ಳೆಯ ಅಂಟು ಎಂಬ ಮಾತುಂಟು. ಫಿನಾಲ್ ಅಂಟು ಕಂದು ಬಣ್ಣದ್ದೆಂಬುದು ನಿಜವೇ, ಆದರೆ ಬಣ್ಣವನ್ನು ಯಾವ ಅಂಟಿಗೂ ಬೆರೆಸಬಹುದು. ಬಣ್ಣದ ಮೇಲೆ ಭರವಸೆ ಇಡಬೇಡಿ.

ಅನುಮಾನವಿದ್ದರೆ ನಮ್ಮ ಕೈಯಲ್ಲೇ ಒಂದು ಪರೀಕ್ಷೆಯಿದೆ. ಇಡೀ ಸರಕು ತರುವ ಮುನ್ನ ಅದೇ ಹಲಗೆಯ ಅಂಗೈ ಅಗಲದ ಎರಡು ತುಂಡುಗಳನ್ನು ಕೇಳಿ ತನ್ನಿ. ಅಡಿಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಹಾಕಿ, ನೀರು ಆರಿದಂತೆ ತುಂಬುತ್ತ, ಬೆಳಗಿನಿಂದ ಸಂಜೆಯವರೆಗೆ 8 ಗಂಟೆ ಕುದಿಸಿ. ತಣಿದ ಮೇಲೆ ಪದರಗಳ ನಡುವೆ ಚಾಕುವಿನ ತುದಿ ಇಟ್ಟು ಎಬ್ಬಿಸಿ. ಪದರ ತಾನಾಗಿ ಬಿಚ್ಚಿಕೊಂಡರೆ ಅಂಗಡಿಯವರ ಮಾತು ಸುಳ್ಳೆಂದು ತಿಳಿಯಿರಿ. ಇದು ಪ್ರಯೋಗಶಾಲೆಯ ಪರೀಕ್ಷೆಗೆ ಸಮನಲ್ಲ, ಆದರೆ ಕಮರ್ಷಿಯಲ್ ಹಲಗೆಯನ್ನು ಹೊರಗೆಳೆಯಲು ಇಷ್ಟು ಸಾಕು. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಎಂಬ ಹುಡಿ ಹಲಗೆಗಳು ಅಗ್ಗವೆಂದು ಆಸೆಪಡುವವರು ಇದೇ ಪರೀಕ್ಷೆಯನ್ನು ಅವುಗಳಿಗೂ ಮಾಡಿ ನೋಡಲಿ.

ನೀರಿಗೆ ಕಲ್ಲು, ಒಣ ಜಾಗಕ್ಕೆ ಹಲಗೆ

ಎಷ್ಟೇ ಒಳ್ಳೆಯ ಪ್ಲೈವುಡ್ ಆದರೂ ನೆಲಕ್ಕೆ ತಾಗಿಸಬಾರದು. ನಮ್ಮ ಸಲಹೆ ಹೀಗಿದೆ. ಕಟ್ಟೆಯ ಕೆಳಗೆ 4 ಅಂಗುಲ ಎತ್ತರದ ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಪೀಠ ಕಟ್ಟಿ ಗಾರೆ ಮಾಡಿಸಿ. ಅದನ್ನು ಮುಂಭಾಗದಿಂದ 3 ಅಂಗುಲ ಒಳಕ್ಕೆ ಸರಿಸಿದರೆ ನಿಂತು ಕೆಲಸ ಮಾಡುವವರ ಪಾದಕ್ಕೆ ಜಾಗ ಸಿಗುತ್ತದೆ, ಬೆನ್ನು ಬಾಗುವುದು ತಪ್ಪುತ್ತದೆ. ಪೀಠದ ಮೇಲೆ ಕಡಪ ಕಲ್ಲನ್ನು ನಿಲ್ಲಿಸಿ ಗೂಡುಗಳನ್ನು ವಿಭಾಗಿಸಿ, ನಡುವಿನ ತಟ್ಟೂ ಕಡಪದ್ದೇ ಇರಲಿ, ಮೇಲೆ ಗ್ರಾನೈಟ್ ಹಾಸಿ. ಪ್ಲೈವುಡ್ ಮುಂದಿನ ಬಾಗಿಲುಗಳಿಗೆ ಮಾತ್ರ.

ಖರ್ಚಿನ ಲೆಕ್ಕ ನೋಡೋಣ. 8 ಅಡಿ ಉದ್ದ, 2 ಅಡಿ ಆಳ, 2 ಅಡಿ ಎತ್ತರದ ಗೂಡನ್ನು ಪೂರ್ತಿ ಪ್ಲೈವುಡ್ಡಿನಲ್ಲಿ ಮಾಡಿದರೆ ತಳಕ್ಕೆ 16 ಚದರಡಿ, ಐದು ನಿಲುವುಗಳಿಗೆ 20, ನಡು ತಟ್ಟಿಗೆ 16, ಬಾಗಿಲುಗಳಿಗೆ 16, ಒಟ್ಟು 68 ಚದರಡಿ ಬೇಕು. 8 ಅಡಿಗೆ 4 ಅಡಿಯ ಒಂದು ಹಲಗೆಯಲ್ಲಿರುವುದು 32 ಚದರಡಿ. ಎರಡು ಹಲಗೆ ಸಾಲದೆ ಮೂರನೆಯದನ್ನು ತರಬೇಕಾಗುತ್ತದೆ. ಹಿಂಬದಿಯ ಹಲಗೆ ಬೇರೆ. ಕಲ್ಲಿನ ಗೂಡಾದರೆ ಬಾಗಿಲಿಗೆ ಅರ್ಧ ಹಲಗೆ ಸಾಕು. ಉಳಿದ ಹಣದಲ್ಲಿ ಆ ಅರ್ಧ ಹಲಗೆಯನ್ನು ಮೆರೈನ್ ದರ್ಜೆಯದ್ದೇ ಕೊಳ್ಳಬಹುದು. ಕಲ್ಲಿಗೆ ಗೆದ್ದಲಿಲ್ಲ, ಬೂಷ್ಟು ಹಿಡಿದರೂ ಒರಸಿದರೆ ಹೋಗುತ್ತದೆ.

ಸಿಂಕಿನ ಕೆಳಗೆ ಬಾಗಿಲೇ ಬೇಡವೆಂಬುದು ನಮ್ಮ ಅಭಿಪ್ರಾಯ. ಗಾಳಿಯಾಡಲಿ, ಪೈಪು ಸೋರಿದರೆ ಅಂದೇ ಕಣ್ಣಿಗೆ ಬೀಳಲಿ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೆಲ ಹಿಡಿಯುತ್ತದೆ. ಬಾಗಿಲಿಟ್ಟು ಮುಚ್ಚಿದರೆ ಗೂಡೇ ಅನಿಲದ ತೊಟ್ಟಿಯಾದೀತು. ಅಲ್ಲಿಯೂ ತೆರೆದ ಗೂಡೇ ಮೇಲು. ಬಾಗಿಲು ಇಡಲೇಬೇಕೆಂದಿದ್ದರೆ ತಳದಂಚಿನಲ್ಲಿ ದೊಡ್ಡ ರಂಧ್ರಗಳಿರಬೇಕು. ಸೌದೆ ಒಲೆಯನ್ನು ಉಳಿಸಿಕೊಂಡ ಮನೆಗಳಲ್ಲಿ ಒಲೆಯ ಮೇಲಾಗಲಿ ಪಕ್ಕದಲ್ಲಾಗಲಿ ಪ್ಲೈವುಡ್ ಬರಬಾರದು. ಗ್ಯಾಸ್ ಒಲೆಯ ನೇರ ಮೇಲಕ್ಕೂ ಕಪಾಟು ಬೇಡ. ಶಾಖಕ್ಕೆ ಮೇಲ್ಪದರದ ಸನ್ಮೈಕ ಸಡಿಲವಾಗಿ ಏಳುತ್ತದೆ.

ಗೋಡೆಯ ಕಪಾಟುಗಳು

ಪ್ಲೈವುಡ್ಡಿನ ನಿಜವಾದ ಜಾಗ ಗೋಡೆಯ ಮೇಲೆ. ಹಗುರ, ಸಪಾಟು, ಎಲ್ಲಿ ಬೇಕೆಂದರಲ್ಲಿ ಕೊರೆಯಬಹುದು. ಆದರೆ ಮಳೆ ಹೊಡೆಯುವ ಹೊರಗೋಡೆಗೆ ಕಪಾಟನ್ನು ಅಂಟಿಸಬೇಡಿ. ಒಳಗೋಡೆಯನ್ನು ಆರಿಸಿ. ಬೇರೆ ದಾರಿ ಇಲ್ಲದಿದ್ದರೆ ಅಂಗುಲ ದಪ್ಪದ ರೀಪು ಹೊಡೆದು ಹಿಂದೆ ಗಾಳಿ ಓಡಾಡಲು ಬಿಡಿ.

ಅಳತೆಯಲ್ಲಿ ಒಂದು ಜಾಣತನ ಬೇಕು. ಗರಗಸದ ಪ್ರತಿ ಹೊಡೆತಕ್ಕೂ ಸುಮಾರು 3 ಮಿಲಿಮೀಟರ್ ಹುಡಿಯಾಗಿ ಹೋಗುತ್ತದೆ. ಆದ್ದರಿಂದ 4 ಅಡಿ ಅಗಲದ ಹಲಗೆಯಲ್ಲಿ ಸರಿಯಾಗಿ 12 ಅಂಗುಲದ ನಾಲ್ಕು ಪಟ್ಟಿಗಳು ಬರಲಾರವು. ಕಪಾಟಿನ ಆಳವನ್ನು ಹನ್ನೊಂದೂ ಮುಕ್ಕಾಲು ಅಂಗುಲಕ್ಕೆ ಗೊತ್ತುಮಾಡಿದರೆ ನಾಲ್ಕು ಪಟ್ಟಿಗಳೂ ನಿರಾಯಾಸವಾಗಿ ಸಿಗುತ್ತವೆ. 12 ಎಂದು ಹಟ ಹಿಡಿದರೆ ಮೂರು ಪಟ್ಟಿ ಮಾತ್ರ ಸಿಕ್ಕಿ, ನಾಲ್ಕನೆಯದು ಅಳತೆಗೆ ಸಾಲದೆ ಮೂಲೆ ಸೇರುತ್ತದೆ. ಕೆಳಗಿನ ಬಾಗಿಲಿನ ಎತ್ತರವನ್ನೂ ಹೀಗೆಯೇ ಇಪ್ಪತ್ತಮೂರೂ ಮುಕ್ಕಾಲು ಅಂಗುಲಕ್ಕೆ ಇಡಿ. ಆಚಾರಿ ಕತ್ತರಿಸುವ ಮುನ್ನ ಕಾಗದದ ಮೇಲೆ ಹಲಗೆಯ ಚಿತ್ರ ಬರೆದು ತುಂಡುಗಳನ್ನು ಜೋಡಿಸಿ ನೋಡಿದರೆ ಒಂದೆರಡು ಹಲಗೆಯೇ ಉಳಿಯಬಹುದು.

ತಟ್ಟುಗಳನ್ನು ಮೇಲ್ಮುಖದ ಎಳೆ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಎಳೆ ಅಡ್ಡ ಬಂದರೆ ಭಾರಕ್ಕೆ ಬೇಗ ಬಾಗುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲದ ದಾಸ್ತಾನೆಂದರೆ ಅಕ್ಕಿ ಡಬ್ಬ, ಬೆಲ್ಲದ ಡಬ್ಬ, ಉಪ್ಪಿನಕಾಯಿ ಭರಣಿ. ಇವನ್ನು ಹೊರಲು 18 ಅಥವಾ 19 ಮಿಲಿಮೀಟರ್ ದಪ್ಪದ ತಟ್ಟಾದರೂ ಎರಡೂವರೆ ಅಡಿಗೊಂದು ಆಧಾರವಿರಲಿ. ಎತ್ತರದ ಬಾಗಿಲುಗಳಿಗೆ ಪ್ಲೈವುಡ್ಡಿಗಿಂತ ಬ್ಲಾಕ್ ಬೋರ್ಡ್ ನೇರವಾಗಿ ನಿಲ್ಲುತ್ತದೆ.

ಮನೆಯಲ್ಲಿ ಒಣಗಿದ ಹಲಸಿನ ಮರವಿದ್ದರೆ ಇನ್ನೊಂದು ಮಾರ್ಗವಿದೆ. ಹಲಸಿನ ಚೌಕಟ್ಟು ಮಾಡಿಸಿ, ಒಳಗೆ ಕಾಲುವೆ ತೋಡಿ, 6 ಮಿಲಿಮೀಟರ್ ಪ್ಲೈವುಡ್ಡನ್ನು ಅಂಟಿಲ್ಲದೆ ಕೂರಿಸುವುದು. ಪ್ಲೈವುಡ್ಡಿನ ಅಂಚುಗಳೆಲ್ಲ ಮರದೊಳಗೆ ಮುಚ್ಚಿಹೋಗುತ್ತವೆ, ಬಿಜಾಗರಿಯ ತಿರುಪು ಗಟ್ಟಿ ಮರಕ್ಕೆ ಹಿಡಿಯುತ್ತದೆ. ಆದರೆ ಗಟ್ಟಿ ಮರ ಮಳೆಗಾಲದಲ್ಲಿ ಹಿಗ್ಗುವುದರಿಂದ ಬಾಗಿಲುಗಳ ನಡುವೆ 3 ಮಿಲಿಮೀಟರ್ ಸಂದು ಬಿಡಿ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಆಷಾಢದಲ್ಲಿ ತೆರೆಯುವುದಿಲ್ಲ.

ಅಂಚು, ಬೆನ್ನು, ಚೂರು

ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದ. ಕತ್ತರಿಸಿದ ಪ್ರತಿ ಅಂಚಿಗೂ, ಬಿಜಾಗರಿಗೆ ಕೊರೆದ ತೂತಿಗೂ ವಾರ್ನಿಷ್ ಅಥವಾ ಪೈಂಟ್ ಕುಡಿಸಿ, ಮೇಲೆ ಪಟ್ಟಿ ಅಂಟಿಸಬೇಕು. ಕಣ್ಣಿಗೆ ಕಾಣದ ಕೆಳ ಅಂಚನ್ನು ಬಿಟ್ಟುಬಿಡುವ ಅಭ್ಯಾಸವುಂಟು. ನೆಲ ತೊಳೆದ ನೀರು ಸಿಡಿಯುವುದು ಅಲ್ಲಿಗೇ. ಇನ್ನು ಸನ್ಮೈಕವನ್ನು ಮುಂದೆ ಮಾತ್ರ ಹಚ್ಚಿ ಹಿಂದೆ ಬರಿದೇ ಬಿಟ್ಟರೆ, ಬರಿಯ ಬದಿ ತೇವ ಹೀರಿ ಹಿಗ್ಗುತ್ತದೆ, ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಹಿಂಬದಿಗೂ ಅಗ್ಗದ್ದಾದರೂ ಸರಿ, ಒಂದು ಪದರ ಹಚ್ಚಿಸಿ.

ಉಳಿದ ಚೂರುಗಳ ವಿಷಯವನ್ನು ವಿಶೇಷವಾಗಿ ಗಮನಕ್ಕೆ ತರಬಯಸುತ್ತೇವೆ. ಮರದ ತುಂಡು ಕಂಡರೆ ಬಚ್ಚಲ ಒಲೆಗೆ ಒಟ್ಟುವುದು ನಮ್ಮ ವಾಡಿಕೆ. ಪ್ಲೈವುಡ್ ಚೂರಿನಲ್ಲಿ ರಾಳದ ಅಂಟೂ, ಹುಳ ತಡೆಯುವ ಔಷಧವೂ ಇರುತ್ತವೆ. ಅದರ ಹೊಗೆ ಉಸಿರಿಗೆ ಹಾನಿ, ಅದರ ಬೂದಿ ಪಾತ್ರೆ ತಿಕ್ಕಲೂ ಗಿಡದ ಬುಡಕ್ಕೂ ಯೋಗ್ಯವಲ್ಲ. ಅಡಿಕೆ ಬೇಯಿಸುವ ಒಲೆಗೂ ಹಾಕಬಾರದು. ಚೂರುಗಳನ್ನು ಚಮಚದ ಪೆಟ್ಟಿಗೆಗೋ ಡಬ್ಬ ಇಡುವ ಮೆಟ್ಟಿಲಿಗೋ ಬಳಸಿಕೊಳ್ಳಿ.

ಫಾರ್ಮಾಲ್ಡಿಹೈಡ್ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಫಿನಾಲ್ ಅಂಟಿನಿಂದ ಇದು ಹೊಮ್ಮುವುದು ಬಹಳ ಕಡಿಮೆ, ಯೂರಿಯಾ ಅಂಟಿನಿಂದ ಹೆಚ್ಚು. ಕಮರ್ಷಿಯಲ್ ಹಲಗೆ ಬೇಡವೆನ್ನಲು ಇದು ಮತ್ತೊಂದು ಕಾರಣ. ಹೊಸ ಕಪಾಟಿನಲ್ಲಿ ಕಣ್ಣುರಿಯುವ ವಾಸನೆಯಿದ್ದರೆ ಕೆಲವು ವಾರ ಬಾಗಿಲು ತೆರೆದಿಟ್ಟು, ಆಮೇಲೆ ಸಾಮಾನು ಜೋಡಿಸಿ.

ಕೆಲಸದ ಕಾಲ

ಮರಗೆಲಸಕ್ಕೆ ಕಾಫಿ ಕೊಯ್ಲು ಮುಗಿದ ಮಾರ್ಚಿಯಿಂದ ಮೇ ನಡುವಿನವರೆಗೆ ಒಳ್ಳೆಯ ಕಾಲ. ಹಲಗೆಗಳನ್ನು ಗೋಡೆಗೆ ಒರಗಿಸದೆ, ಸಮನಾದ ರೀಪುಗಳ ಮೇಲೆ ಮಲಗಿಸಿಡಿ. ಹೊಸ ಗಾರೆ ಚೆನ್ನಾಗಿ ಒಣಗುವವರೆಗೆ ಕಪಾಟು ಕೂರಿಸಬೇಡಿ. ನೆರೆಯ ಮೂರು ನಾಲ್ಕು ಮನೆಯವರು ಒಟ್ಟಾಗಿ ಕೊಂಡರೆ ಬೆಲೆಯಲ್ಲಿಯೂ ಲಾರಿ ಬಾಡಿಗೆಯಲ್ಲಿಯೂ ಅನುಕೂಲವಾಗುತ್ತದೆ, ಕುದಿಸುವ ಪರೀಕ್ಷೆಗೆ ತುಂಡು ಕೇಳುವ ಧೈರ್ಯವೂ ಬರುತ್ತದೆ.

ಕೊನೆಯದಾಗಿ, ಕಟ್ಟೆಯ ಎತ್ತರವನ್ನು ಆಚಾರಿಯೂ ಯಜಮಾನರೂ ಸೇರಿ ತೀರ್ಮಾನಿಸುವುದು ಬೇಡ. ಅಡಿಗೆ ಮಾಡುವವರು ನಿಂತು ಮೊಣಕೈ ಮಡಿಸಲಿ, ಅದಕ್ಕಿಂತ ಸುಮಾರು 4 ಅಂಗುಲ ಕೆಳಗೆ ಕಟ್ಟೆ ಬರಲಿ. ಮೇಲಿನ ಕಪಾಟಿನ ಎರಡನೆಯ ತಟ್ಟು ಅವರ ಕೈಗೆ ಸಿಗಲಿ. ಸದಸ್ಯರು ಹಲಗೆಗೆ ಮುಂಗಡ ಕೊಡುವ ಮುನ್ನ ಒಂದು ಸಂಜೆ ಮನೆಯವರೊಡನೆ ಕುಳಿತು, ಯಾವ ಡಬ್ಬ ಎಲ್ಲಿ, ಯಾವ ಪಾತ್ರೆ ಎಲ್ಲಿ ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಲಿ.

— ಕಾರ್ಯದರ್ಶಿ