ಹುದುಗಿನ ಹದ

ಮನೆಬಳಕೆಗೆ ಬಿಯರ್ ತಯಾರಿಸಲು ಪರವಾನಗಿ ಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರ ಕಾನೂನು ಅಂತಹುದೇ ಅವಕಾಶ ನೀಡಿತು. ಅಂದಿನಿಂದ ಅಲ್ಲಿನ ಅನೇಕ ಅಡುಗೆಮನೆಗಳು ಪ್ರಯೋಗಶಾಲೆಗಳಾಗಿವೆ. ಭಾರತದಲ್ಲಿ ಪರವಾನಗಿಯಿಲ್ಲದ ಮದ್ಯ ತಯಾರಿಕೆ ಅಪರಾಧವೆಂಬುದು ಬೇರೆ ಮಾತು.

ಈ ಹವ್ಯಾಸದಲ್ಲಿ ಹೊಸಬರಿಗೆ ಮೊದಲ ಪಾಠ ಶುಚಿತ್ವ. ಪಳಗಿದವರನ್ನೂ ಕಾಡುವುದು ಉಷ್ಣತೆ. ಮೊಳಕೆ ಕಟ್ಟಿದ ಬಾರ್ಲಿಯ ಸಿಹಿರಸದಲ್ಲಿ ಸಕ್ಕರೆಯನ್ನುಂಡು ಮದ್ಯಸಾರವನ್ನು ಉಂಟುಮಾಡುವ ಯೀಸ್ಟ್, ಜೊತೆಗೆ ಶಾಖವನ್ನೂ ಹೊರಸೂಸುತ್ತದೆ. ಕೋಣೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೂ ಪಾತ್ರೆಯೊಳಗೆ ಕೆಲವು ಡಿಗ್ರಿ ಹೆಚ್ಚಿರಬಹುದು. ಕಾವು ಮಿತಿಮೀರಿದರೆ ಹುಟ್ಟುವ ಕಟುರುಚಿಯನ್ನು ಆಮೇಲೆ ತೆಗೆಯುವುದು ಕಷ್ಟ. ವಾರಗಳ ಶ್ರಮ ಚರಂಡಿ ಸೇರುತ್ತದೆ. ಆದ್ದರಿಂದ ಅನುಭವಿಗಳು ತಾಪಮಾಪಕವನ್ನು ಗೋಡೆಗಲ್ಲ, ಪಾತ್ರೆಗೇ ಅಂಟಿಸುತ್ತಾರೆ. ಬೆಣ್ಣೆಯ ವಾಸನೆ ಕಂಡರೆ ಅವಸರಪಡದೆ ಎರಡು ಮೂರು ದಿನ ಕಾಯುತ್ತಾರೆ. ಅದಕ್ಕೆ ಕಾರಣವಾದ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ. ನಲ್ಲಿನೀರಿನ ಕ್ಲೋರಿನ್ ಔಷಧಿಯ ವಾಸನೆ ತರುವುದರಿಂದ ಅದನ್ನು ಮೊದಲೇ ನಿವಾರಿಸುತ್ತಾರೆ.

ಈ ಜ್ಞಾನಕ್ಕೆ ವಿಜ್ಞಾನಿಗಳ ಋಣವಿದೆ. ಬಿಯರ್ ಕೆಡಲು ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರ ಗ್ರಂಥದಲ್ಲಿ ವಿವರಿಸಿದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಆ ಸಂಸ್ಥೆ ಅದನ್ನು ಪ್ರತಿಸ್ಪರ್ಧಿಗಳಿಗೂ ಹಂಚಿತು.

ಪಳಗಿದವರ ನಿಜವಾದ ಸಲಕರಣೆಯೆಂದರೆ ಟಿಪ್ಪಣಿ ಪುಸ್ತಕ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಬದಲಿಸಿದರೆ ಫಲ ಯಾವುದರದೆಂದು ತಿಳಿಯದು. ಚಳಿಗೆ ಉಬ್ಬದ, ಬೇಸಿಗೆಯಲ್ಲಿ ಬೇಗ ಹುಳಿಯಾಗುವ ಇಡ್ಲಿಹಿಟ್ಟಿನ ಹದ ಬಲ್ಲ ತಾಯಂದಿರಿಗೂ, ಶಾಲೆಯಲ್ಲಿ ಪ್ರಯೋಗ ಬರೆಯುವ ಮಕ್ಕಳಿಗೂ ಈ ನೀತಿ ಅಪರಿಚಿತವೇನಲ್ಲ.